ಫರ್ಸಿ ಕಲ್ಲಿನ ಲೆಕ್ಕ: ಎರಡೋ, ನೂರಾ ಅರವತ್ತೊಂಬತ್ತೋ?

ಗಣಿತದ ಉಪನ್ಯಾಸಕರಾಗಿ ಹೊಸದಾಗಿ ಸೇರಿರುವ ಮಕ್ಕಳೇ, ಆದೇಶಪತ್ರ ಕೊಡುವಾಗ ನಿಮಗೆ ಯಾರೂ ಹೇಳದ ಮಾತನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಈ ನೌಕರಿಯಲ್ಲಿ ಗಣಿತ ಕಾಲುಭಾಗ ಮಾತ್ರ. ಉಳಿದದ್ದೆಲ್ಲ ಬಸ್ಸು, ರೈಲು, ಸಿಮೆಂಟಿನ ಧೂಳು, ಮುರಿಯುವ ಸೀಮೆಸುಣ್ಣ, ಮತ್ತೆ ದಿನಕ್ಕೊಮ್ಮೆಯಾದರೂ ಕೇಳಬೇಕಾದ ಆ ಪ್ರಶ್ನೆ: "ಮೇಡಂ, ಇದು ಪರೀಕ್ಷಾದಾಗ ಬರ್ತದೇನ್ರಿ?" ಮೊದಮೊದಲು ಈ ಪ್ರಶ್ನೆ ಕೇಳಿದವರ ಕಡೆ ಸೀಮೆಸುಣ್ಣ ಎಸೆಯುತ್ತಿದ್ದೆ. ನನ್ನ ಗುರಿ ಕೆಟ್ಟದ್ದು, ಯಾರಿಗೂ ತಾಗಲಿಲ್ಲ. ಆಮೇಲೆ ಸೀಮೆಸುಣ್ಣ ಹೋಗಿ ಬಿಳಿ ಹಲಗೆಯ ಪೆನ್ನು ಬಂತು, ಎಸೆಯಲು ಮನಸ್ಸಾಗಲಿಲ್ಲ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರಿನ ನೀರು ಕುಡಿದವಳು ನಾನು. ಚಿಂಚೋಳಿಯಲ್ಲಿ ಪಾಠ ಶುರು ಮಾಡಿದೆ. ಅಲ್ಲಿ ಒಂದು ಬೆಂಚಿನವರು ಕನ್ನಡದಲ್ಲಿ ನಕ್ಕರೆ ಇನ್ನೊಂದು ಬೆಂಚಿನವರು ತೆಲುಗಿನಲ್ಲಿ ನಗುತ್ತಿದ್ದರು, ಎರಡೂ ನನ್ನ ಮೇಲೆಯೇ. ಚಿತ್ತಾಪುರದಲ್ಲಿ ಒಬ್ಬ ಪ್ರಾಚಾರ್ಯರಿದ್ದರು. ಅವರು ಪಾಠವನ್ನು ಅಳೆಯುತ್ತಿದ್ದದ್ದು ಸದ್ದಿನಿಂದ. ಕಾರಿಡಾರಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವರು. ಒಳಗಿಂದ ಗಟ್ಟಿ ದನಿ ಕೇಳಿದರೆ ತಲೆಯಾಡಿಸಿ ಮುಂದೆ ಹೋಗುವರು. ವಿದ್ಯಾರ್ಥಿಗಳು ಬಾಯಿ ಮುಚ್ಚಿ ಲೆಕ್ಕ ಬಿಡಿಸುತ್ತಿದ್ದ ದಿನ ಒಳಗೆ ಬಂದು, "ಯಾಕ್ರಿ ಮೇಡಂ, ಇವತ್ತ ಕ್ಲಾಸ್ ತಗೊಂಡಿಲ್ಲೇನು?" ಎಂದು ಕೇಳುವರು. ಹಾಗಾಗಿ ನಾನು ಕಠಿಣ ಲೆಕ್ಕ ಕೊಟ್ಟಾಗಲೆಲ್ಲ ಬಾಗಿಲ ಬಳಿ ನಿಂತು ಮಗ್ಗಿ ಕೂಗುತ್ತಿದ್ದೆ. ಎಂಎಸ್ಸಿ ಮಾಡಿದವಳು ಹದಿನೇಳರ ಮಗ್ಗಿ ಕೂಗುತ್ತಾಳೆಂದು ಊರಲ್ಲಿ ಸುದ್ದಿಯಾಯಿತು. ಆಗಲಿ ಬಿಡಿ, ಪ್ರಾಚಾರ್ಯರು ಖುಷಿಯಾಗಿದ್ದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ಸೇಡಂನಲ್ಲಿದ್ದಾಗ ಪಠ್ಯಕ್ರಮ ಬದಲಾಯಿತು. ಹೊಸ ಪತ್ರಿಕೆಯೊಂದು ಬಂತು. ಎಣಿಸದೆಯೇ ಎಣಿಸುವ ವಿದ್ಯೆ ಅದು. ಎಷ್ಟು ವಿಧದಲ್ಲಿ ಆರಿಸಬಹುದು, ಎಷ್ಟು ವಿಧದಲ್ಲಿ ಜೋಡಿಸಬಹುದು ಎಂಬ ಲೆಕ್ಕಗಳು. ಅದರ ನಡುವೆ ಒಂದು ಅಧ್ಯಾಯ: ಜನರೇಟಿಂಗ್ ಫಂಕ್ಷನ್. ನನ್ನ ಕಾಲದಲ್ಲಿ ಅದನ್ನು ನಮಗೆ ಯಾರೂ ಕಲಿಸಿರಲಿಲ್ಲ. ನನ್ನ ಹಿರಿಯ ಸಹೋದ್ಯೋಗಿ ಮಲ್ಲಿಕಾರ್ಜುನ ಸರ್ ಅವರನ್ನು ಕೇಳಿದೆ. ಅವರು ಎಲೆಯಡಿಕೆ ಮಡಚುತ್ತಾ, "ಆ ಯುನಿಟ್ ಬಿಟ್ಟುಬಿಡ್ರಿ ಮೇಡಂ, ಚಾಯ್ಸ್‌ನಾಗ ಹೋಗ್ತದ. ನಾ ಬಿಟ್ಟೀನಿ, ಯಾರರೆ ಕೇಳಿದರೇನು?" ಎಂದರು. ನನಗೆ ತಲೆ ಕೆಟ್ಟಿತು. ನನಗೆ ಬಾರದ್ದನ್ನು ನಾನೇ ಬಿಡಬೇಕು, ಬೇರೆಯವರು ಬಿಡು ಅಂದರೆ ಬಿಡುವವಳಲ್ಲ.

ಆಗ ನನ್ನ ಮನೆ ವಾಡಿಯಲ್ಲಿ. ಸೇಡಂ ರೈಲಿಗೆ ಕಾಯುವುದೇ ಒಂದು ನೌಕರಿ. ಆ ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ನಾನು ಜನರೇಟಿಂಗ್ ಫಂಕ್ಷನ್ ಕಲಿತೆ. ಕಲಿತೆ ಅನ್ನುವುದಕ್ಕಿಂತ ಅದರ ಜೊತೆ ಜಗಳ ಮಾಡಿದೆ ಅನ್ನಬೇಕು. ಪುಸ್ತಕ ತೆರೆದರೆ ಮುಗಿಯದ ಒಂದು ಸಾಲು: ಒಂದು, ಕೂಡಿಸು x, ಕೂಡಿಸು x ವರ್ಗ, ಹೀಗೆ ಸಾಗಿಯೇ ಇದೆ. ನಾನು ಕಲನಶಾಸ್ತ್ರದಲ್ಲಿ ಬೆಳೆದವಳು. ಇಂಥ ಸಾಲು ಕಂಡ ಕೂಡಲೇ, "x ಒಂದಕ್ಕಿಂತ ಚಿಕ್ಕದೇ? ಇಲ್ಲದಿದ್ದರೆ ಈ ಮೊತ್ತ ಎಲ್ಲಿ ನಿಲ್ಲುತ್ತದೆ?" ಎಂದು ಕೇಳುವುದು ನನ್ನ ಅಭ್ಯಾಸ. ಎಷ್ಟೋ ದಿನ ಆ x ಅನ್ನು ಹಿಡಿದು, ನಿನ್ನ ಬೆಲೆ ಎಷ್ಟು ಹೇಳು, ಹೇಳು ಎಂದು ಪೀಡಿಸಿದೆ. ಅದು ಹೇಳಲಿಲ್ಲ.

ಒಂದು ದಿನ ರೈಲು ಹತ್ತಿ ಕೂತಾಗ ಎದುರಿನ ಗೋಡೆಯಲ್ಲಿ ಚೀಲ ನೇತುಹಾಕುವ ಕೊಕ್ಕೆಗಳು ಸಾಲಾಗಿ ಕಂಡವು. ಒಂದಕ್ಕೆ ತರಕಾರಿ ಚೀಲ, ಒಂದಕ್ಕೆ ಊಟದ ಡಬ್ಬಿ, ಒಂದು ಖಾಲಿ. ಕೊಕ್ಕೆಯ ಬೆಲೆ ಎಷ್ಟೆಂದು ಯಾರಾದರೂ ಕೇಳುತ್ತಾರೆಯೇ? ಅದಕ್ಕೆ ಏನು ನೇತುಹಾಕಿದೆ ಎಂದು ನೋಡುತ್ತಾರೆ. x ಕೂಡ ಅಷ್ಟೇ! ಅದು ಸಂಖ್ಯೆಯಲ್ಲ, ಬರೀ ಕೊಕ್ಕೆ. ಮೂರು ವಸ್ತುಗಳನ್ನು ಆರಿಸುವ ವಿಧಗಳು ಎಷ್ಟಿವೆಯೋ ಅದನ್ನು x ಘನದ ಕೊಕ್ಕೆಗೆ ನೇತುಹಾಕು. ನಾಲ್ಕರದ್ದನ್ನು ಮುಂದಿನ ಕೊಕ್ಕೆಗೆ. ಬೇಕಾದಾಗ ಬೇಕಾದ ಕೊಕ್ಕೆಯಿಂದ ತೆಗೆದುಕೋ. ನಾನು ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ತನ್ನ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋದಳು.

ಕಲಿತದ್ದನ್ನು ಕಲಿಸುವ ದಿನ ಬಂತು. ಕಾಲೇಜಿನ ಎದುರಿನ ಹೋಟೆಲಿನಿಂದ ಮಂಡಕ್ಕಿಯ ಸುಸ್ಲಾ, ಮಿರ್ಚಿ, ಲಾಡು ತರಿಸಿ ಮೇಜಿನ ಮೇಲಿಟ್ಟೆ. ನಿಯಮ ಹೀಗೆ: ಮಿರ್ಚಿ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಲಾಡು ಜೋಡಿಯಾಗಿ ಮಾತ್ರ, ಸುಸ್ಲಾ ಒಂದು ತಟ್ಟೆ ಅಥವಾ ಬೇಡ. ಎಣಿಸಿದರೆ ಒಟ್ಟು ನಾಲ್ಕು ಆಗಬೇಕು, ಎಷ್ಟು ವಿಧ? ಪ್ರತಿಯೊಂದಕ್ಕೂ ಒಂದು ಸಾಲು ಬರೆದು, ಮೂರನ್ನೂ ಗುಣಿಸಿದರೆ ಘಾತಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ನಾಲ್ಕನೇ ಕೊಕ್ಕೆಯಲ್ಲಿ ಉತ್ತರ ತೂಗುತ್ತಿರುತ್ತದೆ. ಗುಣಿಸುವಾಗ ಒಂದು ಚಮತ್ಕಾರ ಆಯಿತು. ಜೋಡಿ ಲಾಡು ಮತ್ತು ಒಂಟಿ ಸುಸ್ಲಾ ಸೇರಿ ಮಿರ್ಚಿಯ ಸಾಲಿನಂಥದೇ ಇನ್ನೊಂದು ಸಾಲಾಗಿಬಿಟ್ಟವು. ಉತ್ತರ ಐದು. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ಅಂದ್ರ ಮೇಡಂ, ಲಾಡು ಸುಸ್ಲಾ ಕೂಡಿದ್ರ ಮಿರ್ಚಿ ಆಗ್ತದೇನ್ರಿ?" ಎಂದ. ಲೆಕ್ಕದಲ್ಲಿ ಆಗುತ್ತದೆ, ಹೊಟ್ಟೆಯಲ್ಲಿ ಏನಾಗುತ್ತದೋ ನೀನೇ ನೋಡಿಕೋ ಅಂದೆ. ಆ ವರ್ಷ ಆ ಅಧ್ಯಾಯವನ್ನು ಒಬ್ಬರೂ ಚಾಯ್ಸಿಗೆ ಬಿಡಲಿಲ್ಲ. ಮಲ್ಲಿಕಾರ್ಜುನ ಸರ್ ಮರುವರ್ಷ ನನ್ನ ಕ್ಲಾಸಿಗೆ ಬಂದು ಹಿಂದೆ ಕೂತರು. ಮಿರ್ಚಿಗಾಗಿ ಬಂದೆ ಅಂದರು, ಆದರೆ ಬರೆದುಕೊಂಡೂ ಹೋದರು.

ಅಲ್ಲಿಂದ ನನ್ನನ್ನು ಶಹಾಬಾದಿಗೆ ಹಾಕಿದರು, ಅದೇ ಕೊನೆಯ ವರ್ಗಾವಣೆ. ಅಲ್ಲಿ ನಸ್ರೀನ್ ಸಿಕ್ಕಳು. ಕೊನೆಯ ವರ್ಷದ ಬಿಎಸ್ಸಿ ಹುಡುಗಿ. ಮಾತು ಕಡಿಮೆ, ಹಟ ಭಾಳ. ಅವಳ ಅಪ್ಪ ಮೆಹಬೂಬ್ ಮಿಸ್ತ್ರಿ ಫರ್ಸಿ ಹಾಸುವವರು. ನಮ್ಮ ಕಡೆ ಶಹಾಬಾದ್ ಕಲ್ಲಿಗೆ ಫರ್ಸಿ ಅನ್ನುತ್ತಾರೆ. ಬೇಸಿಗೆಯಲ್ಲಿ ಅದರ ಮೇಲೆ ಬರಿಗಾಲಿಟ್ಟವರಿಗೆ ಅದರ ಸುಖ ಗೊತ್ತು. ಅವಳ ಅಣ್ಣ ರಫೀಕನಿಗೆ ವಾಡಿಯಲ್ಲಿ ಟೈಲ್ಸ್ ಅಂಗಡಿ. ಅಪ್ಪ ಕಲ್ಲು, ಮಗ ಟೈಲ್ಸ್. ಮನೆಯಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರೂ ಕೆಲಸದ ಮಾತು ಬಂದರೆ ಮುಖ ತಿರುಗಿಸುವರು.

ಆ ವರ್ಷ ಕಾಲೇಜಿಗೆ ರಿಪೇರಿಯ ಮಂಜೂರಾತಿ ಬಂತು. ಗುತ್ತಿಗೆದಾರ ಕಾರಿಡಾರಿಗೆ ಫರ್ಸಿಯನ್ನು ಮೆಹಬೂಬ್ ಮಿಸ್ತ್ರಿಗೂ, ಗಣಿತ ಲ್ಯಾಬಿಗೆ ಟೈಲ್ಸನ್ನು ರಫೀಕನಿಗೂ ಒಪ್ಪಿಸಿದ. ಅಪ್ಪ ಮಗ ಒಂದೇ ಹೊಸ್ತಿಲಿನ ಆಚೆ ಈಚೆ ಕೂತು ಕೆಲಸ ಮಾಡುವರು, ನಡುವೆ ನನ್ನ ಪಾಠ. ಸುತ್ತಿಗೆಯ ಸದ್ದಿಗೆ ಚಿತ್ತಾಪುರದ ಪ್ರಾಚಾರ್ಯರು ಇದ್ದಿದ್ದರೆ ನನಗೆ ಬಡ್ತಿಯನ್ನೇ ಕೊಟ್ಟುಬಿಡುತ್ತಿದ್ದರು.

ಜಗಳ ಎರಡು ಕಲ್ಲು ಕೂಡುವ ಸಂದಿನ ಬಗ್ಗೆ. ಫರ್ಸಿ ಹಾಸುವವರು ಒಂದು ಸಾಲಿನ ಸಂದಿನ ಎದುರಿಗೆ ಪಕ್ಕದ ಸಾಲಿನ ಸಂದು ಬರಲು ಬಿಡುವುದಿಲ್ಲ. ಇಲ್ಲಿ ಸಂದು ಬಂದರೆ ಅಲ್ಲಿ ಕಲ್ಲಿನ ಮೈ ಬರಬೇಕು. ಟೈಲ್ಸಿನವರು ತದ್ವಿರುದ್ಧ: ಸಂದಿನ ಎದುರಿಗೆ ಸಂದು, ದಾರ ಹಿಡಿದಂತೆ ನೆಟ್ಟಗೆ.

"ಏ ರಫೀಕ್, ಸಂದಿಗಿ ಸಂದು ಕೂಡಿಸ್ಲಿಕತ್ತೀಯಲ್ಲೋ! ನೀರು ಇಳೀತದ, ಕಲ್ಲು ಏಳ್ತದ" ಎಂದು ಮಿಸ್ತ್ರಿ ಈಚೆಯಿಂದ ಕೂಗುವರು.

"ಇದು ಟೈಲ್ಸ್ ಅದ ಅಬ್ಬಾ, ಇದರಾಗ ನೀರು ಇಳ್ಯಾಂಗಿಲ್ಲ. ಕಣ್ಣಿಗಿ ಚಂದ ಕಾಣ್ಬೇಕು" ಎಂದು ಅವನು ಆಚೆಯಿಂದ.

"ಚಂದ ಅಂತ! ನಿನ್ನ ಮಾತ ಕೇಳಿ ನಾ ಹಾಸಿದ್ರ ಊರಾಗ ನನ್ನ ಯಾರು ಮಿಸ್ತ್ರಿ ಅಂತಾರ?"

ಒಂದು ದಿನ ಮೆಹಬೂಬ್ ಮಿಸ್ತ್ರಿ ಕೈ ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದರು. "ಮೇಡಂ, ನಸ್ರೀನ್ ಮುಂದ ಕಲಬುರಗಿಗೆ ಹೋಗಿ ಎಂಎಸ್ಸಿ ಓದ್ತೀನಿ ಅಂತಾಳ. ನನಗೇನು ಬ್ಯಾಡ ಇಲ್ರಿ. ಆದರ ಮನ್ಯಾಗ ಎಲ್ರೂ ಕೂಡಿ ಒಂದು ಮಾತು ಆಗ್ಯಾದ. ಈ ಸಲ ಪೂರಾ ಪಾಸಾದ್ರ ಕಳಿಸ್ತೀನಿ. ಒಂದು ವಿಷಯ ಉಳೀತು ಅಂದ್ರ ವರ್ಷಪೂರ್ತಿ ಸುಮ್ನೆ ಯಾಕ ಕುಂದ್ರಬೇಕು, ಭಾಯಿ ಅಂಗಡಿ ನೋಡ್ಕೋತಾಳ. ಒಮ್ಮೆ ಅಂಗಡ್ಯಾಗ ಕುಂತ್ರ ಮತ್ತ ಎದ್ದು ಬರೂದು ಕಷ್ಟ ಅಂತ ನನಗೂ ಗೊತ್ತದ" ಎಂದರು. ಮನುಷ್ಯ ಕೆಟ್ಟವರಲ್ಲ, ಮಗಳನ್ನು ಕಂಡರೆ ಪ್ರಾಣ. ಆದರೆ ಆಡಿದ ಮಾತು ಮುರಿಯುವವರಲ್ಲ. ನಸ್ರೀನ್‌ಳ ಬರವಣಿಗೆಯ ಪರೀಕ್ಷೆಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ನನ್ನ ಎದೆ ಹೊಡೆದುಕೊಂಡದ್ದು ಪ್ರಾಜೆಕ್ಟಿನ ವೈವಾಕ್ಕೆ. ಬಾಯಿ ಮಾತಿನ ಪರೀಕ್ಷೆ, ಹೊರಗಿನ ಪರೀಕ್ಷಕರು, ನಮ್ಮ ಹುಡುಗಿಗೋ ಬಾಯೇ ಇಲ್ಲ.

ಪ್ರಾಜೆಕ್ಟನ್ನು ನಾನೇ ಸೂಚಿಸಿದ್ದೆ. ಒಂದಡಿ ಕಲ್ಲು, ಎರಡಡಿ ಕಲ್ಲು, ಎರಡೇ ಅಳತೆ. ಒಂದು ಸಾಲನ್ನು ಎಷ್ಟು ವಿಧದಲ್ಲಿ ಹಾಸಬಹುದು? ಅದರ ಜನರೇಟಿಂಗ್ ಫಂಕ್ಷನ್ ಏನು? ಚೆನ್ನಾಗಿ ಮಾಡಿದಳು. ಒಂದಡಿಗೆ ಒಂದು ವಿಧ, ಎರಡಡಿಗೆ ಎರಡು, ಮೂರಡಿಗೆ ಮೂರು, ನಾಲ್ಕಡಿಗೆ ಐದು, ಐದಡಿಗೆ ಎಂಟು, ಆರಡಿಗೆ ಹದಿಮೂರು. ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತ. ನಾನು ನಿಶ್ಚಿಂತಳಾದೆ, ಅದೇ ತಪ್ಪು.

ವೈವಾದ ದಿನ ಗಣಿತ ಲ್ಯಾಬಿಗೆ ಬಂದ ಪರೀಕ್ಷಕರು ಮೈಸೂರು ಕಡೆಯವರು. ಬಿಳಿ ಅಂಗಿ, ಕೆಂಪು ಪೆನ್ನು, ನಗೆ ಎಂಬುದಕ್ಕೆ ರಜೆ ಹಾಕಿ ಬಂದವರು. ವೈವಾದಲ್ಲಿ ನಪಾಸು ಮಾಡಲು ಹೆಸರಾದವರೆಂದು ಮೊದಲೇ ಸುದ್ದಿ ಇತ್ತು. ನಾನು ಒಳ ಪರೀಕ್ಷಕಿಯಾಗಿ ಪಕ್ಕದಲ್ಲಿ ಕೂತಿದ್ದೆ. ಹಾಗೆ ಕೂತವರು ವಿದ್ಯಾರ್ಥಿಗೆ ಸಹಾಯ ಮಾಡುವಂತಿಲ್ಲ. ನನ್ನಂಥವಳಿಗೆ ಬಾಯಿ ಮುಚ್ಚಿ ಕೂಡುವುದು ಎಂಥ ಶಿಕ್ಷೆ ಎಂದು ನಿಮಗೆ ಇಷ್ಟರಲ್ಲಿ ತಿಳಿದಿರಬೇಕು.

ಪರೀಕ್ಷಕರು ನಸ್ರೀನ್‌ಳ ಹಾಳೆ ತಿರುವಿ, "ಒಂದು ಸಾಲು, ಆರಡಿ, ಹದಿಮೂರು ವಿಧ. ಸರಿಯಾಗಿದೆ" ಎಂದರು. "ಈಗ ಇದೇ ಕಲ್ಲುಗಳಿಂದ ಪಕ್ಕಪಕ್ಕಕ್ಕೆ ಎರಡು ಸಾಲು ಹಾಸು. ಆರಡಿ ಉದ್ದ. ಎಷ್ಟು ವಿಧ?"

ಪುಣ್ಯಾತ್ಮರು ಸುಲಭದ್ದನ್ನೇ ಕೇಳಿದ್ದರು. ಮೊದಲ ಸಾಲಿಗೆ ಹದಿಮೂರು, ಎರಡನೆಯದಕ್ಕೂ ಹದಿಮೂರು, ಗುಣಿಸಿದರೆ ನೂರಾ ಅರವತ್ತೊಂಬತ್ತು. ನಾನು ಒಳಗೊಳಗೇ ಬಿರಿಯಾನಿ ತಿಂದಷ್ಟು ಹಿಗ್ಗಿದೆ.

ನಸ್ರೀನ್ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, "ಎರಡು ರೀ ಸರ್" ಎಂದಳು.

"ಎರಡು ಸಾಲು ಅಂತ ನಾನೇ ಹೇಳಿದೆನಲ್ಲಮ್ಮ. ಎಷ್ಟು ವಿಧ?"

"ಎರಡೇ ವಿಧ ರೀ. ಆರಡಿ ಅಲ್ಲ, ಅರವತ್ತಡಿ ಇದ್ರೂ ಎರಡೇ."

"ಒಂದು ಸಾಲಿಗೇ ಹದಿಮೂರು ಇರುವಾಗ ಎರಡು ಸಾಲಿಗೆ ಎರಡಕ್ಕೆ ಇಳಿಯುತ್ತಾ?"

"ಇಳೀತದ್ರಿ. ಸಂದಿಗಿ ಸಂದು ಕೂಡಬಾರದಲ್ರಿ? ಒಂದು ಸಾಲು ಎರಡಡಿ ಕಲ್ಲಿಂದ ಶುರು ಮಾಡಿದ್ರ ಇನ್ನೊಂದು ಒಂದಡಿಯಿಂದ ಶುರು ಮಾಡ್ಬೇಕು. ಆಮ್ಯಾಗ ನಡುವ ಎಲ್ಲೂ ಬ್ಯಾರೆ ದಾರಿನೇ ಇಲ್ಲ, ಎರಡೂ ಕಡಿ ಎರಡಡಿ ಕಲ್ಲೇ ಹೋಗ್ಬೇಕು. ಮ್ಯಾಲಿನ ಸಾಲು ತೆಳಗ, ತೆಳಗಿನದು ಮ್ಯಾಲ ಮಾಡಿದ್ರ ಇನ್ನೊಂದು. ಮುಗೀತು."

"ಸಂದು ಕೂಡಬಾರದು ಅಂತ ನಾನು ಹೇಳಿದೆನಾ?"

ಅವಳು ಬೆರಗಾಗಿ ನೋಡಿದಳು. ಅದನ್ನೂ ಹೇಳಬೇಕೇ ಎನ್ನುವ ಬೆರಗು. ಹುಟ್ಟಿದಾಗಿನಿಂದ ಕಾಲ ಕೆಳಗೆ ನೋಡಿದ್ದೇ ಅದು, ಮನೆಯಲ್ಲಿ ಕೇಳಿದ್ದೇ ಅದು. ಅನ್ನ ಬೇಯಿಸು ಅಂದವರು ಒಲೆ ಹೊತ್ತಿಸು ಎಂದು ಬೇರೆ ಹೇಳುತ್ತಾರೆಯೇ? ಪರೀಕ್ಷಕರು ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಅವರದು ತಪ್ಪಿಲ್ಲ, ಪ್ರಶ್ನೆಯಲ್ಲಿ ಆ ನಿಯಮ ಇರಲೇ ಇಲ್ಲ. ನನ್ನ ಕಣ್ಣ ಮುಂದೆ ವಾಡಿಯ ಟೈಲ್ಸ್ ಅಂಗಡಿಯ ಕುರ್ಚಿ ಬಂದು ನಿಂತಿತು. ಅಯ್ಯೋ ಹುಡುಗಿ, ಕೆಳಗೆ ನೋಡೇ, ನಿನ್ನ ಕಾಲ ಕೆಳಗೇ ಟೈಲ್ಸ್ ಇದೆಯಲ್ಲೇ! ನಾನು ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಪರೀಕ್ಷಕರು ನೀರಿನ ಬಾಟಲಿ ನನ್ನ ಕಡೆ ಸರಿಸಿ, "ಕುಡಿಯಿರಿ ಮೇಡಂ, ಇಲ್ಲಿ ಧೂಳು ಜಾಸ್ತಿ" ಎಂದರು. ಕುಡಿದೆ, ಇನ್ನೇನು ಮಾಡಲಿ.

ನಸ್ರೀನ್ ತಲೆ ತಗ್ಗಿಸಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ಅಳುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ರಫೀಕ್ ಹಾಸಿದ ನೆಲ, ನೆಟ್ಟನೆಯ ಸಂದುಗಳು. ನೋಡಿ ನೋಡಿ, ಬಾಗಿಲಾಚೆಯ ಫರ್ಸಿ ನೋಡಿ, ಮತ್ತೆ ಕೆಳಗೆ ನೋಡಿ ಎದ್ದು ನಿಂತಳು.

"ಸರ್, ನಂದು ತಪ್ಪಾತ್ರಿ. ಸಂದು ಕೂಡಿದ್ರ ನಡೀತದ ಅಂದ್ರ ಹದಿಮೂರ ಹದಿಮೂರಲೇ ನೂರಾ ಅರವತ್ತೊಂಬತ್ತು. ಆದರ ನನ್ನ ಎರಡನ್ನ ಒಗೀಬ್ಯಾಡ್ರಿ. ಅದರಿಂದಲೇ ನಿಮ್ಮ ನೂರಾ ಅರವತ್ತೊಂಬತ್ತು ತೆಗೀತೀನಿ. ಬೋರ್ಡ್ ಮ್ಯಾಲ ಬರೀಲೇನ್ರಿ?"

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ, "ಬರಿ" ಎಂದರು.

ವರ್ಷವಿಡೀ ಬಾಯಿ ಬಿಡದ ಹುಡುಗಿ ಅವತ್ತು ಮಾತಾಡಿದಳು ನೋಡಿ! ಎರಡು ಸಾಲು ಹಾಸಿದ ಯಾವ ನೆಲವನ್ನಾದರೂ ತೆಗೆದುಕೊಳ್ಳಿ. ಎಡಗಡೆಯಿಂದ ನಡೆಯುತ್ತಾ ಹೋಗಿ. ಎರಡೂ ಸಾಲಿನ ಸಂದು ಎದುರುಬದುರು ಬಂದಲ್ಲೆಲ್ಲ ಕತ್ತರಿಸಿ. ಈಗ ಕೈಯಲ್ಲಿ ಉಳಿಯುವ ಪ್ರತಿ ತುಂಡಿನ ಒಳಗೂ ಸಂದಿಗೆ ಸಂದು ಕೂಡಿರುವುದಿಲ್ಲ. "ತುಂಡು ಎಲ್ಲ ನಮ್ಮ ಅಬ್ಬಾನವು ರೀ, ತುಂಡಿಗಿ ತುಂಡು ಕೂಡಿಸೂ ಜಾಗ ನಮ್ಮ ಭಾಯಿದು" ಎಂದಳು. ಅಬ್ಬಾನ ತುಂಡು ಒಂದಡಿಯದಾದರೆ ಒಂದು ವಿಧ, ಎರಡಡಿಗೆ, ಎರಡೂ ಸಾಲಿನಲ್ಲಿ ಎರಡಡಿ ಕಲ್ಲೇ ಇಟ್ಟದ್ದೂ ಸೇರಿ, ಮೂರು, ಮೂರಡಿ ಮತ್ತು ಅದಕ್ಕೂ ಉದ್ದದ್ದಕ್ಕೆ ಎರಡೆರಡೇ. ಅವನ್ನು ಕೊಕ್ಕೆಗಳಿಗೆ ನೇತುಹಾಕಿ ಒಂದು ಸಾಲು ಬರೆದಳು, ಅದಕ್ಕೆ P ಎಂದು ಹೆಸರಿಟ್ಟಳು. ಒಂದು ತುಂಡಾದರೆ P, ಎರಡು ತುಂಡು ಜೋಡಿಸಿದರೆ P ವರ್ಗ, ಮೂರಾದರೆ P ಘನ. ಎಷ್ಟು ತುಂಡಾದರೂ ಸರಿ ಅಂದರೆ ಎಲ್ಲ ಕೂಡಿ, ಒಂದರಲ್ಲಿ P ಕಳೆದು, ಅದರಿಂದ ಒಂದನ್ನು ಭಾಗಿಸಿದಷ್ಟು. ಆಮೇಲೆ ಆರನೇ ಕೊಕ್ಕೆಗೆ ಕೈ ಹಾಕಿದಳು. ಮೊದಲ ತುಂಡು ಒಂದಡಿಯದಾದರೆ ಉಳಿದ ಐದಡಿಗೆ ಎಂಟರ ವರ್ಗ, ಅರವತ್ನಾಲ್ಕು. ಎರಡಡಿಯದಾದರೆ ಮೂರು ಸಲ ಇಪ್ಪತ್ತೈದು, ಎಪ್ಪತ್ತೈದು. ಮೂರಡಿಯದಾದರೆ ಎರಡು ಸಲ ಒಂಬತ್ತು, ಹದಿನೆಂಟು. ನಾಲ್ಕಡಿಯದಾದರೆ ಎಂಟು. ಐದಡಿಯದಾದರೆ ಎರಡು. ಪೂರ್ತಿ ಆರಡಿಯೂ ಒಂದೇ ತುಂಡಾದರೆ ಮತ್ತೆರಡು.

"ಕೂಡಿಸ್ರಿ ಸರ್" ಎಂದು ಪರೀಕ್ಷಕರಿಗೇ ಹೇಳಿದಳು. ಅವರು ವಿಧೇಯರಾಗಿ ಬೆರಳು ಮಡಚಿ ಕೂಡಿಸಿದರು. ನೂರಾ ಅರವತ್ತೊಂಬತ್ತು. ರಜೆ ಹಾಕಿದ್ದ ನಗೆ ಅರ್ಧ ದಿನಕ್ಕೆ ಕೆಲಸಕ್ಕೆ ಬಂತು. "ನಾನು ಈ ಲೆಕ್ಕವನ್ನು ಒಂದು ಗುಣಾಕಾರ ಅಂತ ಕೇಳಿದ್ದೆ. ನೀನು ಅದರ ಹೊಟ್ಟೆ ಸೀಳಿ ತೋರಿಸಿದೆ. ಆದರೂ ಪ್ರಶ್ನೆಯಲ್ಲಿ ಇಲ್ಲದ ನಿಯಮ ತರಬೇಡ, ಅದಕ್ಕೆ ಎರಡು ಅಂಕ ಕಳೆಯುತ್ತೇನೆ" ಎಂದರು. ಉಳಿದದ್ದೆಲ್ಲ ಕೊಟ್ಟರು. ನನ್ನ ಕೆಮ್ಮು ಅಲ್ಲಿಗೇ ವಾಸಿಯಾಯಿತು. ಮೂಗು ಸೋರಲು ಶುರುವಾಯಿತು, ಅದಕ್ಕೂ ಧೂಳೇ ಕಾರಣವೆಂದು ಅವರು ಭಾವಿಸಿದರು.

ಬಾಗಿಲಾಚೆ ಅಪ್ಪ ಮಗ ಇಬ್ಬರೂ ನಿಂತಿದ್ದರು. ಮಿಸ್ತ್ರಿಯ ಕೈಯಲ್ಲಿ ಸುತ್ತಿಗೆ ಹಾಗೇ ಇತ್ತು. ರಫೀಕ್ ಅಂಗಡಿ ಮುಚ್ಚಿ ಬಂದಿದ್ದ. ತಂಗಿಯನ್ನು ಅಂಗಡಿಯ ಕುರ್ಚಿಯಲ್ಲಿ ಕೂಡಿಸಲು ಬಂದಿದ್ದನೋ, ಧೈರ್ಯ ಹೇಳಲು ಬಂದಿದ್ದನೋ, ಅವನಿಗೇ ಗೊತ್ತಿರಲಿಲ್ಲ ಅನ್ನಿಸುತ್ತದೆ.

"ಪಾಸ್ ಆಗ್ತಾಳ ಮಿಸ್ತ್ರಿ, ಟ್ರಂಕ್ ತಯಾರು ಮಾಡ್ರಿ" ಎಂದೆ ನಾನು. ಅಂಕ ಹೇಳುವಂತಿಲ್ಲ, ಆದರೆ ಅಷ್ಟು ಹೊತ್ತು ಮುಚ್ಚಿದ್ದ ಬಾಯಿ ಇನ್ನೆಷ್ಟು ಹೊತ್ತು ಇದ್ದೀತು?

ಮಿಸ್ತ್ರಿ ಮಗಳ ತಲೆಯ ಮೇಲೆ ಕೈಯಿಟ್ಟರು. ದುಪಟ್ಟಾದ ಮೇಲೆ ಐದು ಬೆರಳಿನ ಸುಣ್ಣದ ಗುರುತು ಮೂಡಿತು. ಆಮೇಲೆ ಒಳಗೆ ಏನು ಕೇಳಿದರು ಎಂದು ವಿಚಾರಿಸಿದರು. ನಸ್ರೀನ್ ಅಲ್ಲೇ ಹೊಸ್ತಿಲ ಮೇಲೆ ನಿಂತು ಎಲ್ಲ ಬಿಡಿಸಿ ಹೇಳಿದಳು. ಸಂದು ಕೂಡದ ತುಂಡು ಅಬ್ಬಾನದು, ಕೂಡಿಸುವ ಸಂದು ಭಾಯಿದು, ಒಟ್ಟು ನೂರಾ ಅರವತ್ತೊಂಬತ್ತು.

ರಫೀಕ್ ಸ್ವಲ್ಪ ಹೊತ್ತು ಲೆಕ್ಕ ಹಾಕಿ ಮೀಸೆಯಲ್ಲೇ ನಕ್ಕ. "ಅಂದ್ರ ಅಬ್ಬಾ, ನಾ ಇಲ್ದಿದ್ರ ನಿಮ್ದು ಬರೇ ಎರಡು!"

ಮಿಸ್ತ್ರಿ ಸುತ್ತಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. "ಮತ್ತ ನಾ ಇಲ್ದಿದ್ರ ನೀ ಏನ್ ಕೂಡಿಸ್ತಿದ್ದಿ ಮಗನ?"

ಕಲಬುರಗಿಗೆ ಹೊರಟ ದಿನ ಶಹಾಬಾದ್ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ನಸ್ರೀನ್‌ಳ ಟ್ರಂಕಿನ ಒಂದು ಹಿಡಿ ಅಪ್ಪನ ಕೈಯಲ್ಲಿತ್ತು, ಇನ್ನೊಂದು ಅಣ್ಣನ ಕೈಯಲ್ಲಿ. ಯಾವ ಕಡೆಯಿಂದ ಮೊದಲು ಎತ್ತಬೇಕು ಎಂದು ಇಬ್ಬರೂ ಜಗಳವಾಡುತ್ತಲೇ ಅವಳನ್ನು ರೈಲು ಹತ್ತಿಸಿದರು.